ಚಿಕ್ಕಪ್ಪ ಹೋಗಿದ್ದು ಹೇಗೆ ಅಂತ ಡಾಕ್ಟರಿಗೆ ಹೇಳಿ

ನಮಸ್ಕಾರ. ನಾನು ಅರಿವಳಿಕೆ ತಜ್ಞೆ. ಆಪರೇಷನ್‌ಗೆ ಮುಂಚೆ ನಾನು ಕೇಳೋ ಒಂದು ಪ್ರಶ್ನೆಗೆ ಬಹಳ ಜನ ಯೋಚನೆ ಮಾಡದೇ "ಏನಿಲ್ಲ ಮೇಡಂ" ಅಂದುಬಿಡ್ತಾರೆ. ಪ್ರಶ್ನೆ ಇಷ್ಟೇ: ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅನಸ್ತೇಶಿಯಾ ಕೊಟ್ಟಾಗ ತೊಂದರೆ ಆಗಿತ್ತಾ? ಕೆಲವರ ಮನೇಲಿ ಚಿಕ್ಕಪ್ಪ ಆಪರೇಷನ್ ಟೇಬಲ್ ಮೇಲೇ ತೀರಿಹೋಗಿರ್ತಾರೆ. ಅದು ಅವರ ಹಣೆಬರಹ, ಈಗ್ಯಾಕೆ ಆ ಮಾತು ಅಂತ ಮನೆಯವರು ಸುಮ್ಮನಾಗ್ತಾರೆ.

ಮೆಲ್ಬರ್ನ್‌ನ 21 ವರ್ಷದ ಹುಡುಗನೊಬ್ಬ ಸುಮ್ಮನಿರಲಿಲ್ಲ. ಕಾಲು ಮುರಿದಿತ್ತು, ಆದರೆ ಅವನಿಗೆ ಭಯ ಇದ್ದದ್ದು ಅರಿವಳಿಕೆಯದ್ದು. ನೆಂಟರಲ್ಲಿ ಹತ್ತು ಜನ ಈಥರ್ ಅನ್ನೋ ಹಳೆಯ ಅರಿವಳಿಕೆ ಕೊಟ್ಟಮೇಲೆ ಸತ್ತಿದ್ದರು. ಡಾಕ್ಟರು ಈಥರ್ ಬಿಟ್ಟು ಆಗ ಹೊಸದಾಗಿದ್ದ ಹ್ಯಾಲೋಥೇನ್ ಅನ್ನೋ ಅರಿವಳಿಕೆ ಗ್ಯಾಸ್ ಕೊಟ್ಟರು. ಅದೂ ಆಗಿಬರಲಿಲ್ಲ. ಗ್ಯಾಸ್ ನಿಲ್ಲಿಸಿದರು, ಮೈಗೆ ಐಸ್ ಇಟ್ಟರು, ಹುಡುಗ ಉಳಿದ. 1960ರಲ್ಲಿ ಡೆನ್‌ಬರೋ ಮತ್ತು ಲೊವೆಲ್ ಅನ್ನೋ ವೈದ್ಯರು ಇದನ್ನ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದರು. ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅನ್ನೋ ಕಾಯಿಲೆ ವೈದ್ಯಲೋಕದ ಗಮನಕ್ಕೆ ಬಂದದ್ದು ಹೀಗೆ, ಒಬ್ಬ ರೋಗಿ ಬಾಯಿಬಿಟ್ಟು ಹೇಳಿದ್ದರಿಂದ.

ಹುಟ್ಟಿನಿಂದ ಈ ದೋಷ ಇರೋರಿಗೆ ಇಂಥ ಗ್ಯಾಸ್ ಕೊಟ್ಟಾಗ, ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೊರಬಿಡೋ ಬಾಗಿಲು ಮುಚ್ಚಿಕೊಳ್ಳೋದೇ ಇಲ್ಲ. ಮೈ ಸೆಟೆದುಕೊಳ್ಳುತ್ತೆ, ಒಳಗೇ ಬೇಯುತ್ತೆ. ಹೈಪರ್‌ಥರ್ಮಿಯಾ ಅಂದರೆ ಮೈತಾಪ ಏರೋದು, ಆದರೆ ಹೆಸರಲ್ಲಿ ತಾಪ ಇದೆ ಅಂತ ಥರ್ಮಾಮೀಟರ್ ನೋಡ್ತಾ ಕೂರಬಾರದು. ಎಷ್ಟೋ ಸಲ ಮೊದಲು ಏರೋದು ಉಸಿರಿನ ಕಾರ್ಬನ್ ಡೈಆಕ್ಸೈಡ್, ನಾಡಿಬಡಿತ. ದವಡೆ ಕಚ್ಚಿಕೊಳ್ಳಬಹುದು. ಅನುಮಾನ ಬಂದ ಕೂಡಲೇ ಗ್ಯಾಸ್ ಬಂದ್, ಪೂರ್ತಿ ಆಕ್ಸಿಜನ್, ಜೊತೆಗೆ ಇದಕ್ಕಿರೋ ಮದ್ದು ಡ್ಯಾಂಟ್ರೋಲೀನ್.

ಈ ಡ್ಯಾಂಟ್ರೋಲೀನ್ ವಿಷಯಕ್ಕೆ ನನಗೆ ನಿಜವಾಗಿಯೂ ಸಂಕಟ ಆಗುತ್ತೆ. ಇದನ್ನ ತಕ್ಷಣ ಕೊಡೋಕೆ ಶುರುವಾದ ಮೇಲೆ ಸಾವು ಎಷ್ಟೋ ಕಡಿಮೆಯಾಯಿತು. ಆದರೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಇದು ಸಿಗೋದೇ ಕಷ್ಟವಾಗಿತ್ತು. 70 ಕೆ.ಜಿ. ತೂಕದವರಿಗೆ ಮೊದಲ ಡೋಸೇ 175 ಮಿ.ಗ್ರಾಂ. ಹಳೆಯ ಬಗೆಯದಾದರೆ 20 ಮಿ.ಗ್ರಾಂನ ಒಂಬತ್ತು ಬಾಟಲಿ ಬೇಕು, ಒಂದೊಂದಕ್ಕೂ 60 ಮಿ.ಲೀ. ನೀರು ಹಾಕಿ ಅಲ್ಲಾಡಿಸಿ ಕರಗಿಸಬೇಕು. ಬೇರೆ ಊರಿಂದ ತರಿಸೋಣ ಅನ್ನೋಷ್ಟು ಸಮಯ ಎಲ್ಲಿದೆ? ಈ ಗ್ಯಾಸ್ ಕೊಡೋ ಪ್ರತಿ ಥಿಯೇಟರ್ ಪಕ್ಕದಲ್ಲೇ ಅದು ಇರಬೇಕು.

ಅಪ್ಪ ಅಥವಾ ಅಮ್ಮನಿಗೆ ಈ ದೋಷ ಇದ್ದರೆ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಹಿಂದೆ ಒಂದು ಆಪರೇಷನ್ ಸುಸೂತ್ರವಾಗಿ ಆಗಿದ್ದರೂ ದೋಷ ಇಲ್ಲ ಅಂತಲ್ಲ. ಮುಂಚೆಯೇ ಹೇಳಿದರೆ ನಮಗೆ ಬೇರೆ ದಾರಿಗಳಿವೆ: ಬೆನ್ನಿಗೆ ಕೊಡೋ ಇಂಜೆಕ್ಷನ್, ಇಲ್ಲಾ ರಕ್ತನಾಳದ ಮೂಲಕ ಕೊಡೋ ಪ್ರೊಪೊಫಾಲ್ ಅನ್ನೋ ಅರಿವಳಿಕೆ ಔಷಧಿ. ಚಿಕ್ಕಪ್ಪನಿಗೆ ಏನಾಯ್ತು ಅಂತ ಇವತ್ತೇ ಮನೇಲಿ ದೊಡ್ಡವರನ್ನ ಕೇಳಿ.