ಬೂಟ್ ಆಗುವಾಗ ಚೆನ್ನಾಗಿದ್ದ ಡ್ರೈವರ್ ಆಮೇಲೆ ಯಾಕೆ ಕೈಕೊಡುತ್ತೆ?

ನಮಸ್ಕಾರ. ಹೊಸ ಬೋರ್ಡಿಗೆ ಒಂದು ಲಿನಕ್ಸ್ ಡ್ರೈವರ್ ಬರೆದಿದ್ದೀರಿ. ಪ್ರೋಬ್ ಆಯಿತು, ಅಂದರೆ ಕರ್ನಲ್ (ಲಿನಕ್ಸಿನ ತಿರುಳು) ನಿಮ್ಮ ಡ್ರೈವರನ್ನು ಹಾರ್ಡ್‌ವೇರಿಗೆ ಜೋಡಿಸಿತು. ರಿಜಿಸ್ಟರ್, ಅಂದರೆ ಹಾರ್ಡ್‌ವೇರನ್ನು ನಿಯಂತ್ರಿಸುವ ಪುಟ್ಟ ಮೆಮೊರಿ ಜಾಗ, ಓದಿದರೆ ಸರಿಯಾದ ವ್ಯಾಲ್ಯೂ ಬಂತು. ಬೂಟ್ ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಬೋರ್ಡ್ ಗಪ್‌ಚುಪ್. ಕನ್ಸೋಲಿನಲ್ಲಿ ಒಂದಕ್ಷರವೂ ಇಲ್ಲ. ಇದೇ ತೊಂದರೆಗೆ ನಾನು ಎರಡು ದಿನ ಕೊಟ್ಟಿದ್ದೇನೆ, ಅದಕ್ಕೇ ಈ ವಿಡಿಯೋ.

ಚಿಪ್‌ನೊಳಗಿನ ಒಂದೊಂದು ಬ್ಲಾಕಿಗೂ ಕ್ಲಾಕ್ ಬೇಕು, ಅಂದರೆ ಅದರ ಕೆಲಸಕ್ಕೆ ತಾಳ ಹಾಕುವ ಸಿಗ್ನಲ್. ಕ್ಲಾಕ್ ನಿಂತಿರುವಾಗ ಅದರ ರಿಜಿಸ್ಟರ್ ಮುಟ್ಟಿದರೆ ಕೆಲವು ಚಿಪ್‌ಗಳಲ್ಲಿ ಅಬಾರ್ಟ್ ಅನ್ನುವ ಎರರ್ ಬರುತ್ತದೆ. ಇನ್ನು ಕೆಲವದರಲ್ಲಿ ಬಸ್‌ನಿಂದ ಉತ್ತರವೇ ಬರದೆ ಪ್ರೊಸೆಸರ್ ಕಾಯುತ್ತಾ ನಿಂತುಬಿಡುತ್ತದೆ.

ಹಾಗಾದರೆ ಮೊದಲು ಹೇಗೆ ನಡೆಯಿತು? ಕರ್ನಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್ ಆ ಕ್ಲಾಕನ್ನು ಆನ್ ಮಾಡಿಟ್ಟು ಹೋಗಿತ್ತು, ಅಷ್ಟೇ. ಕರ್ನಲ್‌ನಲ್ಲಿ ಕ್ಲಾಕ್‌ಗಳನ್ನು ನೋಡಿಕೊಳ್ಳುವ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ (2012ರಲ್ಲಿ, ಕರ್ನಲ್ 3.4ರಲ್ಲಿ ಬಂದದ್ದು) ಬೂಟಿನ ಕೊನೆಗೆ ಯಾವ ಡ್ರೈವರೂ ಕೇಳದ ಕ್ಲಾಕ್‌ಗಳನ್ನು ಹುಡುಕಿ ಆಫ್ ಮಾಡುತ್ತದೆ. ನೀವು ಕೇಳಿರಲಿಲ್ಲ ಅಲ್ವಾ?

(ಪರದೆಯ ಮೇಲೆ ಟರ್ಮಿನಲ್)

ಕರ್ನಲ್ ಕಮಾಂಡ್ ಲೈನಿಗೆ 'ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್' ಸೇರಿಸಿ ಬೂಟ್ ಮಾಡಿ. ಬೋರ್ಡ್ ಬದುಕಿತೇ? ರೋಗ ಸಿಕ್ಕಿತು. ಈಗ ಡೀಬಗ್‌ಎಫ್‌ಎಸ್‌ನಲ್ಲಿರುವ (ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಫೈಲ್‌ಗಳ ಜಾಗ) 'ಕ್ಲಾಕ್ ಸಮ್ಮರಿ' ಫೈಲ್ ತೆರೆಯಿರಿ. ನಿಮ್ಮ ಕ್ಲಾಕಿನ ಮುಂದೆ ಎನೇಬಲ್ ಕೌಂಟ್ (ಅದನ್ನು ಆನ್ ಮಾಡಲು ಕೇಳಿದವರ ಎಣಿಕೆ) 0 ಅಂತ ಕಾಣುತ್ತದೆ. ಆ ಆಯ್ಕೆಯನ್ನು ಮಾತ್ರ ಹಾಗೇ ಬಿಟ್ಟು ಪ್ರಾಡಕ್ಟ್ ಹೊರಗೆ ಕಳಿಸಬೇಡಿ. ಬೇಡದ ಕ್ಲಾಕ್‌ಗಳೂ ಓಡುತ್ತಲೇ ಇರುತ್ತವೆ, ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ.

(ಪರದೆಯ ಮೇಲೆ ಪ್ರೋಬ್ ಫಂಕ್ಷನ್)

ಬೋರ್ಡಿನ ಹಾರ್ಡ್‌ವೇರ್ ವಿವರ ಇರುವ ಡಿವೈಸ್ ಟ್ರೀಯಲ್ಲಿ ಕ್ಲಾಕ್ ಹೆಸರಿಸಿ. ಪ್ರೋಬ್‌ನಲ್ಲಿ ಅದನ್ನು ಪಡೆದು, ರಿಜಿಸ್ಟರ್ ಮುಟ್ಟುವ ಮೊದಲೇ ಪ್ರಿಪೇರ್, ಎನೇಬಲ್ ಎರಡನ್ನೂ ಮಾಡಿ. ಯಾಕೆ ಎರಡು? ಕ್ಲಾಕ್ ಹುಟ್ಟಿಸುವ ಪಿಎಲ್‌ಎಲ್ ಸರ್ಕ್ಯೂಟ್ ಲಾಕ್ ಆಗಲು, ಅಂದರೆ ಸ್ಥಿರವಾಗಲು ಸಮಯ ಬೇಕು, ಹಾಗಾಗಿ ಪ್ರಿಪೇರ್ ನಿದ್ದೆಗೆ ಹೋಗಬಹುದು, ಅಂದರೆ ಪ್ರೊಸೆಸರ್ ಬಿಟ್ಟುಕೊಟ್ಟು ಕಾಯಬಹುದು. ಎನೇಬಲ್ ನಿದ್ದೆಗೆ ಹೋಗುವಂತಿಲ್ಲ, ಅದನ್ನು ಇಂಟರಪ್ಟ್ ಹ್ಯಾಂಡ್ಲರ್‌ನಿಂದಲೂ (ಹಾರ್ಡ್‌ವೇರ್ ಕರೆದ ತಕ್ಷಣ ಓಡುವ, ಕಾಯಬಾರದ ಕೋಡ್) ಕರೆಯಬಹುದು. ಕ್ಲಾಕ್ ಡ್ರೈವರ್ ಇನ್ನೂ ಬಂದಿರದಿದ್ದರೆ 'ಪ್ರೋಬ್ ಡಿಫರ್' ಎರರ್ ಸಿಗುತ್ತದೆ. ಅದನ್ನು ಹಾಗೇ ವಾಪಸ್ ಕೊಡಿ, ಕರ್ನಲ್ ಆಮೇಲೆ ಮತ್ತೆ ಪ್ರಯತ್ನಿಸುತ್ತದೆ.

ಜಾಸ್ತಿ ಜನ ಎಡವುವುದು ಎರರ್ ದಾರಿಯಲ್ಲಿ. ಎನೇಬಲ್ ಆದಮೇಲೆ ಇಂಟರಪ್ಟ್ ಸಿಗದೆ ಪ್ರೋಬ್ ಸೋತಿತು ಅನ್ನಿ. ಡಿಸೇಬಲ್ ಮರೆತರೆ ಕೌಂಟ್ 1ರಲ್ಲೇ ಉಳಿದು ಕ್ಲಾಕ್ ಆಫ್ ಆಗುವುದೇ ಇಲ್ಲ. ಕರ್ನಲ್ 6.0ರಿಂದ 'ಡೆವ್‌ಎಂ ಕ್ಲಾಕ್ ಗೆಟ್ ಎನೇಬಲ್ಡ್' ಇದೆ. ಕ್ಲಾಕ್ ಪಡೆಯುವುದು, ಆನ್ ಮಾಡುವುದು, ಕೊನೆಗೆ ಆಫ್ ಮಾಡುವುದು, ಮೂರೂ ಅದೇ ನೋಡಿಕೊಳ್ಳುತ್ತದೆ. ಡ್ರೈವರ್ ಸರಳವಾಗಿದ್ದರೆ ಕಣ್ಮುಚ್ಚಿ ಇದನ್ನೇ ಬಳಸಿ.

ಈಗ ನಿಮ್ಮ ಡ್ರೈವರ್ ಮಾಡ್ಯೂಲನ್ನು ಕರ್ನಲ್‌ನಿಂದ ತೆಗೆದು 'ಕ್ಲಾಕ್ ಸಮ್ಮರಿ' ಮತ್ತೆ ನೋಡಿ. ಕೌಂಟ್ ಲೋಡ್ ಮಾಡುವ ಮೊದಲು ಎಷ್ಟಿತ್ತೋ ಅಷ್ಟೇ ಇರಬೇಕು.