ಬಂಗಡೆ ತಲಿ ಕತ್ತರಿಸೋ ಮಷಿನ್: ಆ 5 ಮಿಮೀ ಎಲ್ಲಿ ತಪ್ಪತೈತಿ?

ಸಮುದ್ರ ಇಲ್ಲದ ಹುಬ್ಬಳ್ಳ್ಯಾಗ ಮೀನಿನ ಮಷಿನ್ ಯಾಕ ಅನ್ನಬ್ಯಾಡ್ರಿ. ಗೋಕುಲ ರೋಡ್ ಕಡೆ ಲೇಥ್ ಕೆಲಸ, ಪ್ಯಾನೆಲ್ ವೈರಿಂಗ್ ಎಲ್ಲಾ ಸಿಗತೈತಿ. ಅರಬೈಲ್ ಘಟ್ಟ ಇಳಿದ್ರ ಕಾರವಾರ ದೂರಿಲ್ಲ.

ಈಗ ನೋಡೋದು ಬಂಗಡೆ ತಲಿ ಕತ್ತರಿಸೋ ಮಷಿನ್. ಬೆಲ್ಟ್ ಮ್ಯಾಲೆ ಮೀನು ಬರತೈತಿ, ಸೆನ್ಸರ್ ಅದರ ಮೂತಿ ಹಿಡಿತೈತಿ, ಎನ್‌ಕೋಡರ್ (ಶಾಫ್ಟ್ ತಿರುಗಿದ್ದನ್ನ ಎಣಿಸೋ ಸಾಧನ) ಬೆಲ್ಟ್ ಓಡಿದ ದೂರ ಎಣಿಸತೈತಿ, ಪಿಎಲ್‌ಸಿ (ಮಷಿನ್ ನಡೆಸೋ ಸಣ್ಣ ಕಂಪ್ಯೂಟರ್) ಹೇಳಿದ ಕೂಡ್ಲೆ ಏರ್ ಸಿಲಿಂಡರ್ ಬ್ಲೇಡ್ ಇಳಿಸತೈತಿ. ಕಟ್ ಹಿಂದ-ಮುಂದ ಆದ್ರ ಎಲ್ಲಾರೂ ಮೊದಲ ಬೈಯೋದು ಮೋಟರ್‌ಗೆ. ಪಾಪ, ಅದರ ತಪ್ಪು ಇರೋದು ಕಡಿಮಿ.

ಲೆಕ್ಕ ಹಾಕ್ರಿ. ಬೆಲ್ಟ್ ಸೆಕೆಂಡಿಗೆ 500 ಮಿಮೀ ಓಡತೈತಿ, ಪಿಎಲ್‌ಸಿ ಸ್ಕ್ಯಾನ್, ಅಂದ್ರ ಸಿಗ್ನಲ್ ಓದಿ, ಪ್ರೋಗ್ರಾಂ ನಡೆಸಿ, ಔಟ್‌ಪುಟ್ ಕೊಡೋ ಒಂದು ಸುತ್ತು, 10 ಮಿಲಿಸೆಕೆಂಡ್. ಸೆನ್ಸರ್ ಸಿಗ್ನಲ್ ಸ್ಕ್ಯಾನ್ ಶುರು ಆಗೂದ್ರಾಗ ಬಂದ್ರ ಆಗಿಂದಾಗ ಓದತೈತಿ; ಶುರು ಆದ ಮ್ಯಾಲೆ ಬಂದ್ರ ಮುಂದಿನ ಸುತ್ತಿಗೆ. ಅಷ್ಟರಾಗ ಮೀನು 5 ಮಿಮೀ ತನಕ ದಾಟಿರತೈತಿ. ಒಂದು ಮೀನಿಗೆ 1, ಇನ್ನೊಂದಕ್ಕ 4. ಇದನ್ನ ಸೆಟ್ಟಿಂಗ್ ತಿರುವಿ ಸರಿ ಮಾಡಾಕ ಬರಂಗಿಲ್ಲ. ಸೆನ್ಸರ್ ವೈರ್ ಪಿಎಲ್‌ಸಿಯ ಹೈ-ಸ್ಪೀಡ್ ಇನ್‌ಪುಟ್‌ಗೆ (ಸ್ಕ್ಯಾನ್ ಕಾಯದ ಸಿಗ್ನಲ್ ಹಿಡಿಯೋ ಜಾಗ) ಕೊಟ್ಟು, ಆ ಕ್ಷಣದ ಎನ್‌ಕೋಡರ್ ಕೌಂಟ್ ಹಿಡಿದಿಡ್ರಿ. ಬ್ಲೇಡಿನ ಔಟ್‌ಪುಟ್ಟೂ ಸ್ಕ್ಯಾನ್ ಕಾಯದ ಹೈ-ಸ್ಪೀಡ್ ಕೌಂಟರ್‌ನಿಂದ ನೇರ ಬರಬೇಕು.

ಟೆಸ್ಟಿಗೆ ಮೀನು ಹಾಳು ಮಾಡಬ್ಯಾಡ್ರಿ. 200 ಮಿಮೀ ಪಿವಿಸಿ ಪೈಪಿನ ತುಂಡು 20 ತಗೊಳ್ರಿ, ಬ್ಲೇಡ್ ಜಾಗಕ್ಕ ಮಾರ್ಕರ್ ಕಟ್ರಿ. ಬ್ಲೇಡ್ ಬಿಚ್ಚೂ ಮುಂಚೆ ಕರೆಂಟ್ ಅಷ್ಟ ಅಲ್ಲ, ಏರ್ ಲೈನೂ ಖಾಲಿ ಮಾಡ್ರಿ. ಸಿಲಿಂಡರ್‌ನ್ಯಾಗ ಉಳಿದ ಗಾಳಿಗೆ ಬೆರಳು ಯಾವುದು, ಮೀನು ಯಾವುದು ತಿಳಿಯಂಗಿಲ್ಲ. ಮೊದಲ ಸೆಕೆಂಡಿಗೆ 250 ಮಿಮೀ ಸ್ಪೀಡಿಗೆ ಓಡಿಸ್ರಿ, ಆಮ್ಯಾಲೆ 500ಕ್ಕ. ಗುರುತೆಲ್ಲಾ ಗುಂಪಾಗೇ ಇದ್ದು, ಸ್ಪೀಡ್ ಏರಿದಾಗ ಇಡೀ ಗುಂಪು ಸರಿದ್ರ ಅದು ಸಿಲಿಂಡರ್ ತಡ. 30 ಮಿಲಿಸೆಕೆಂಡ್ ತಡ ಇದ್ರ 250ಕ್ಕ 7.5 ಮಿಮೀ, 500ಕ್ಕ 15. ಅದಕ್ಕ ಪ್ರೋಗ್ರಾಂನ್ಯಾಗ ಮಿಮೀ ಕಳಿಯೋದಲ್ಲ, ಮಿಲಿಸೆಕೆಂಡ್ ಕಳೀಬೇಕು. ಗುರುತು ಚೆಲ್ಲಾಪಿಲ್ಲಿ ಆಗಿದ್ರ ಸ್ಕ್ಯಾನ್ ನೋಡ್ರಿ, ಇಲ್ಲಾಂದ್ರ ಗಾಳಿ ಪ್ರೆಶರ್. ಒಂದ ಕಂಪ್ರೆಸರ್‌ಗೆ ನಾಕು ಮಷಿನ್ ಜೋಡಿಸಿದ್ರ ಪ್ರೆಶರ್ ಏರಿಳಿತ ಆಗೇ ಆಗತೈತಿ.

ಒಣಾ ಬೆಲ್ಟ್ ಮ್ಯಾಲೆ ಸರಿ ಬಂದು, ಲೋಳೆ ಹತ್ತಿದ ಮ್ಯಾಲೆ ತಪ್ಪಿದ್ರ? ಅದು ಜಾರಿಕಿ. ಮೋಟರ್ ಶಾಫ್ಟಿನ ಎನ್‌ಕೋಡರ್‌ಗೆ ಬೆಲ್ಟ್ ಜಾರಿದ್ದು ಗೊತ್ತಾಗಂಗಿಲ್ಲ. ಹಲ್ಲಿನ ಚಕ್ರದ ಮ್ಯಾಲೆ ಓಡೋ ಪ್ಲಾಸ್ಟಿಕ್ ಕೊಂಡಿ ಬೆಲ್ಟ್ ಹಾಕಿ, ಎನ್‌ಕೋಡರ್ ಆ ಚಕ್ರದ ಶಾಫ್ಟಿಗೆ ಕೂಡಿಸ್ರಿ. ಇನ್ನ ಮೀನೇ ಬೆಲ್ಟ್ ಮ್ಯಾಲೆ ಜಾರಿದ್ರ ಯಾವ ಎನ್‌ಕೋಡರೂ ಕೆಲಸಕ್ಕ ಬರಂಗಿಲ್ಲ, ಮೀನಿಗೊಂದು ಖಾನೆ ಬೇಕ ಬೇಕು.

ಕಡೀಕ ತೊಳಿಯೋ ವಿಷಯ. ಸೆನ್ಸರ್ ಮ್ಯಾಲೆ ಬರೆದಿರೋ ಐಪಿ ನಂಬರ್ ಅದು ನೀರು-ಧೂಳು ಎಷ್ಟು ತಡೀತೈತಿ ಅಂತ ಹೇಳತೈತಿ. ಐಪಿ67 ಅಂದ್ರ 1 ಮೀಟರ್ ನೀರಿನ್ಯಾಗ ಅರ್ಧ ತಾಸು ತಡೀತೈತಿ, ಅಷ್ಟ. 80 ಡಿಗ್ರಿ ಬಿಸಿನೀರು ಜೋರಾಗಿ ಹೊಡಿಯೋ ಕಡೆ ಐಪಿ69ಕೆ ಬೇಕು. ಬಿಸಿ ಆದ ಸೆನ್ಸರ್ ಆರಿದಾಗ ಒಳಗಿನ ಗಾಳಿ ಕುಗ್ಗಿ ಸಂದಿಯಿಂದ ನೀರು ಎಳಕೊಳತೈತಿ; ಮುಂಜಾನೆ ಮಷಿನ್ ಚಾಲೂ ಆಗಂಗಿಲ್ಲ. ಕನೆಕ್ಟರ್ ಬಾಯಿ ಕೆಳಗ ಮಾಡಿ, ವೈರ್‌ಗೆ ಕೆಳಗೊಂದು ಬಾಗು ಕೊಟ್ಟು ಜೋಡಿಸ್ರಿ. ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗತೈತಿ.