ಕರಾರಿನ ಕಾಗದದಲ್ಲಿ ಏನಿದೆ? ಸ್ಪೇನ್, ಜರ್ಮನಿ ಮತ್ತು ಯುರೋಪಿನ ಉದ್ಯೋಗದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಯುರೋಪಿನ ನಿರುದ್ಯೋಗ, ಕಾರ್ಮಿಕ ನೀತಿ, ಬೆಳವಣಿಗೆಯ ಸಾಧ್ಯತೆ: ವಿಷಯ ಬಹಳ ದೊಡ್ಡದು. ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ, ಒಂದೊಂದಕ್ಕೂ ಅದರದೇ ಕಾರ್ಮಿಕ ಕಾನೂನು ಇದೆ. ಎಲ್ಲವನ್ನೂ ಮೇಲೆ ಮೇಲೆ ಮುಟ್ಟಿ ಬರುವುದಕ್ಕಿಂತ ಎರಡು ದೇಶಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು ಎಂದು ನನಗನ್ನಿಸಿತು. ಸ್ಪೇನ್ ಮತ್ತು ಜರ್ಮನಿ. ನಡುವೆ ಡೆನ್ಮಾರ್ಕಿನಲ್ಲೂ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ಸ್ಪೇನಿನ ಎರಡು ಕುಸಿತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2009ರಲ್ಲಿ ಆ ದೇಶದ ಜಿಡಿಪಿ ಶೇ 4ಕ್ಕಿಂತ ಸ್ವಲ್ಪ ಕಡಿಮೆ ಕುಸಿಯಿತು. 2007ರಲ್ಲಿ ಶೇ 8ರ ಆಸುಪಾಸಿನಲ್ಲಿದ್ದ ನಿರುದ್ಯೋಗ 2009ರ ಕೊನೆಗೆ ಶೇ 19ರ ಹತ್ತಿರ ಬಂತು. 2013ರ ಆರಂಭದಲ್ಲಿ ಶೇ 27ನ್ನು ಮುಟ್ಟಿತು. 60 ಲಕ್ಷಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಕುಳಿತಿದ್ದರು. 25 ವರ್ಷದೊಳಗಿನವರಲ್ಲಿ ಕೆಲಸ ಮಾಡುತ್ತಿದ್ದವರು, ಹುಡುಕುತ್ತಿದ್ದವರು ಎಲ್ಲರನ್ನೂ ಸೇರಿಸಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ನಿರುದ್ಯೋಗಿಗಳು.

ಈಗ 2020. ಕೋವಿಡ್ ಬಂತು, ಪ್ರವಾಸೋದ್ಯಮ ನಿಂತಿತು, ಹೋಟೆಲುಗಳು ಮುಚ್ಚಿದವು. ಜಿಡಿಪಿ ಸುಮಾರು ಶೇ 11ರಷ್ಟು ಕುಸಿಯಿತು. ಅಂದರೆ 2009ರ ಹೊಡೆತಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ನಿರುದ್ಯೋಗ ಎಷ್ಟು ಏರಿರಬಹುದು? ಶೇ 14ರ ಹತ್ತಿರ ಇದ್ದದ್ದು ಶೇ 16 ದಾಟಿತು, ಅಷ್ಟೇ. ಎರಡು ವರ್ಷದೊಳಗೆ ಕೋವಿಡ್‌ಗೆ ಮುಂಚಿನ ಮಟ್ಟಕ್ಕಿಂತಲೂ ಕೆಳಗಿಳಿಯಿತು.

ಅದೇ ದೇಶ, ಅದೇ ಜನ. ಆಘಾತ ಮೂರು ಪಟ್ಟು ದೊಡ್ಡದು, ಕೆಲಸ ಕಳೆದುಕೊಂಡವರು ಮಾತ್ರ ಬಹಳ ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇರುತ್ತದೆ. ಆರ್ಥಿಕತೆ ಎಷ್ಟು ಕುಸಿಯಿತು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಕೆಲಸಗಾರನ ಕೈಯಲ್ಲಿರುವ ಕರಾರಿನ ಕಾಗದದಲ್ಲಿ ಏನು ಬರೆದಿದೆ ಎಂಬುದು ಮುಖ್ಯ ಎಂದು ನಾನು ನಂಬಿದ್ದೇನೆ.

ಆ ಕಾಗದದ ಕಥೆ 1984ರಲ್ಲಿ ಶುರುವಾಗುತ್ತದೆ. ಆಗ ಫೆಲಿಪೆ ಗೊನ್ಸಾಲೆಸ್ ಅವರ ಸಮಾಜವಾದಿ ಸರ್ಕಾರ. ನಿರುದ್ಯೋಗ ಶೇ 20ರ ಆಸುಪಾಸು. ಖಾಯಂ ನೌಕರರಿಗಿದ್ದ ರಕ್ಷಣೆಗೆ ಕೈಹಾಕಿದರೆ ಕಾರ್ಮಿಕ ಸಂಘಗಳು ಸುಮ್ಮನಿರುವುದಿಲ್ಲ. ಹಾಗಾಗಿ ಸರ್ಕಾರ ಪಕ್ಕದ ಬಾಗಿಲು ತೆರೆಯಿತು: ಖಾಯಂ ಹುದ್ದೆಗಳ ನಿಯಮ ಹಾಗೇ ಇರಲಿ, ಹೊಸಬರನ್ನು ಹಂಗಾಮಿಯಾಗಿ ತೆಗೆದುಕೊಳ್ಳುವುದು ಸುಲಭವಾಗಲಿ. ಕೆಲಸಗಳೇನೋ ಹುಟ್ಟಿದವು. ಆದರೆ ತೊಂಬತ್ತರ ದಶಕದ ಆರಂಭಕ್ಕೆ ದೇಶದ ನೌಕರರಲ್ಲಿ ಮೂರರಲ್ಲಿ ಒಬ್ಬರು ಹಂಗಾಮಿಯಾಗಿದ್ದರು.

ಇದರ ಲೆಕ್ಕವನ್ನು ಒಂದು ಕಾರ್ಖಾನೆಯೊಳಗೆ ಹೋಗಿ ನೋಡೋಣ. 20 ವರ್ಷ ಸೇವೆ ಮಾಡಿದ ಖಾಯಂ ನೌಕರನನ್ನು ಸಕಾರಣವಿಲ್ಲದೆ ತೆಗೆದರೆ, ಹಳೆಯ ಕಾನೂನಿನ ಪ್ರಕಾರ ಸೇವೆಯ ಪ್ರತಿ ವರ್ಷಕ್ಕೆ 45 ದಿನದ ಸಂಬಳ ಪರಿಹಾರ ಕೊಡಬೇಕು. ಒಟ್ಟು 900 ದಿನ, ಎರಡು ವರ್ಷದ ಮೇಲೆ ಐದಾರು ತಿಂಗಳ ಸಂಬಳ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಇಪ್ಪತ್ಮೂರರ ಹುಡುಗಿ ಹಂಗಾಮಿ. ಅವಳ ಅವಧಿ ಮುಗಿದಾಗ ವರ್ಷಕ್ಕೆ 8 ದಿನದ ಲೆಕ್ಕದಲ್ಲಿ ಕೊಟ್ಟು ಕಳಿಸಿದರೆ ಆಯಿತು. ಕೆಲವು ಕರಾರುಗಳಲ್ಲಿ ಅದೂ ಇಲ್ಲ. ಆರ್ಡರ್ ಕಡಿಮೆಯಾದ ದಿನ ಮಾಲೀಕ ಯಾರನ್ನು ಕಳಿಸುತ್ತಾನೆ? ಯಾರ ಕೆಲಸ ಚೆನ್ನಾಗಿದೆ ಎಂದು ನೋಡುವ ಪ್ರಶ್ನೆಯೇ ಬರುವುದಿಲ್ಲ. ಹುಡುಗಿ ಹೋಗುತ್ತಾಳೆ.

ಅಷ್ಟೇ ಅಲ್ಲ. ಮೂರು ತಿಂಗಳಿಗೆ ಹೋಗುವವಳಿಗೆ ಹೊಸ ಯಂತ್ರದ ತರಬೇತಿ ಯಾರು ಕೊಡುತ್ತಾರೆ? ಶುಕ್ರವಾರ ಕರಾರು ಮುಗಿಸಿ ಸೋಮವಾರ ಮತ್ತೆ ಹೊಸ ಕರಾರಿಗೆ ಸಹಿ ಹಾಕಿಸುವುದು ಸ್ಪೇನಿನಲ್ಲಿ ಮಾಮೂಲಿ ಸಂಗತಿಯಾಗಿತ್ತು. ವಾರಾಂತ್ಯದ ಎರಡು ದಿನ ಅವರು ಲೆಕ್ಕದಲ್ಲಿ ನಿರುದ್ಯೋಗಿಗಳು. ಇಂಥ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ಮನೆ ಸಾಲ ಸಿಗದು, ಬಾಡಿಗೆ ಮನೆಯ ಮಾಲೀಕನೂ ಹಿಂದೆಮುಂದೆ ನೋಡುತ್ತಾನೆ. ಸ್ಪೇನಿನ ಯುವಜನ ಅಪ್ಪ ಅಮ್ಮನ ಮನೆ ಬಿಡುವಾಗ ಅವರ ಸರಾಸರಿ ವಯಸ್ಸು 30ರ ಆಸುಪಾಸು. ಕುಟುಂಬದ ಮೇಲಿನ ಪ್ರೀತಿ ಅದಕ್ಕೆ ಕಾರಣ ಎನ್ನುವವರಿದ್ದಾರೆ. ಪ್ರೀತಿ ಇದ್ದೇ ಇರುತ್ತದೆ, ಆದರೆ ಈ ಕರಾರುಗಳನ್ನು ಬಿಟ್ಟು ಆ ಸಂಖ್ಯೆಯನ್ನು ವಿವರಿಸಲಾಗದು.

ಯೂರೋ ಬಂದ ಮೇಲೆ ಬಡ್ಡಿದರ ಇಳಿಯಿತು, ಹಣವೆಲ್ಲ ಮನೆ ಕಟ್ಟುವುದಕ್ಕೆ ಹರಿಯಿತು. 2007ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ಶೇ 13 ಮಂದಿ ಕಟ್ಟಡ ನಿರ್ಮಾಣದಲ್ಲಿದ್ದರು. ಹದಿನಾರು ತುಂಬುತ್ತಿದ್ದಂತೆ ಶಾಲೆ ಬಿಟ್ಟು ಆ ಕೆಲಸಕ್ಕೆ ಸೇರಿದ ಹುಡುಗರು ಬೇಕಾದಷ್ಟು. 2008ರಲ್ಲಿ ಕಾಮಗಾರಿಗಳು ನಿಂತಾಗ ಮೊದಲು ಬೀದಿಗೆ ಬಂದವರು ಇವರೇ, ಕೈಯಲ್ಲಿ ಬೇರೆ ಕಸುಬಿಲ್ಲ, ಪ್ರಮಾಣಪತ್ರವಿಲ್ಲ.

ಇಲ್ಲಿ ಯಾರಾದರೂ ಕೇಳಬಹುದು: 2008ರದು ಸಾಲ ಮತ್ತು ಬ್ಯಾಂಕುಗಳ ಬಿಕ್ಕಟ್ಟು, 2020ರದು ತಾತ್ಕಾಲಿಕ ಬಂದ್, ಎರಡನ್ನೂ ಹೋಲಿಸುವುದು ಸರಿಯೇ? ಪ್ರಶ್ನೆ ನ್ಯಾಯವಾದದ್ದು. ಅದರ ಜೊತೆ ಇನ್ನೊಂದನ್ನೂ ಸೇರಿಸಬೇಕು. 2011ರಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ಎರಡು ಸಲ ಬಡ್ಡಿ ಏರಿಸಿತು, ಸರ್ಕಾರಗಳು ಖರ್ಚು ಕಡಿತ ಮಾಡಲೇಬೇಕಾಯಿತು. 2007ರಲ್ಲಿ ಸ್ಪೇನಿನ ಬಜೆಟ್ ಉಳಿತಾಯದಲ್ಲಿತ್ತು, ಸರ್ಕಾರದ ಸಾಲವೂ ಜರ್ಮನಿಯದಕ್ಕಿಂತ ಕಡಿಮೆಯಿತ್ತು. ದುಂದುವೆಚ್ಚಕ್ಕೆ ತಕ್ಕ ಶಿಕ್ಷೆ ಎಂಬ ವಾದ ಸ್ಪೇನಿನ ಮಟ್ಟಿಗೆ ನಿಲ್ಲುವುದಿಲ್ಲ. ಆ ಬ್ಯಾಂಕಿನ ಆಗಿನ ಅಧ್ಯಕ್ಷ ಮಾರಿಯೋ ದ್ರಾಗಿ ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು ಹೇಳಿದ್ದು 2012ರ ಜುಲೈಯಲ್ಲಿ. ಆ ಹೊತ್ತಿಗೆ ಲಕ್ಷಾಂತರ ಜನರ ನಾಲ್ಕು ವರ್ಷ ಹೋಗಿತ್ತು. ಇದು ತಪ್ಪಿಸಬಹುದಾಗಿದ್ದ ನಷ್ಟ ಎಂದೇ ನನ್ನ ಅಭಿಪ್ರಾಯ. 2020ರಲ್ಲಿ ಮಾತ್ರ ಒಕ್ಕೂಟವೇ ಸಾಲ ಎತ್ತಿ, ಉದ್ಯೋಗ ಉಳಿಸುವ ಯೋಜನೆಗಳಿಗಾಗಿ 100 ಬಿಲಿಯನ್ ಯೂರೋವರೆಗೆ ಕೊಡುವ ವ್ಯವಸ್ಥೆ ಮಾಡಿತು.

ಹಾಗಿದ್ದರೂ ಕರಾರಿನ ಪಾತ್ರ ಸಣ್ಣದಾಗುವುದಿಲ್ಲ. ಅದನ್ನು ನೋಡಲು 2009ರ ಜರ್ಮನಿಗೆ ಹೋಗಬೇಕು. ಆ ವರ್ಷ ಜರ್ಮನಿಯ ಜಿಡಿಪಿ ಕುಸಿದದ್ದು ಶೇ 5ಕ್ಕೂ ಹೆಚ್ಚು, ಸ್ಪೇನಿಗಿಂತ ಜಾಸ್ತಿ. ನಿರುದ್ಯೋಗ ಕದಲಲೇ ಇಲ್ಲ ಎನ್ನುವಷ್ಟು ಕಡಿಮೆ ಏರಿತು. ಅಲ್ಲಿ ಕುರ್ಟ್ಸ್‌ಆರ್ಬೈಟ್ ಎಂಬ ಹಳೆಯ ಏರ್ಪಾಡಿದೆ. ಕೆಲಸ ಕಡಿಮೆಯಾದಾಗ ಆಳನ್ನು ತೆಗೆಯುವ ಬದಲು ಎಲ್ಲರ ಗಂಟೆಗಳನ್ನು ಇಳಿಸುವುದು. ತಿಂಗಳಿಗೆ 2,000 ಯೂರೋ ಕೈಗೆ ಬರುತ್ತಿದ್ದವನ ಕೆಲಸ ಅರ್ಧವಾಯಿತು ಎನ್ನಿ. ಕಂಪನಿ ಕೊಡುವುದು ಸುಮಾರು 1,000. ಹೋದ 1,000ದಲ್ಲಿ ಶೇ 60ನ್ನು, ಮಕ್ಕಳಿದ್ದರೆ ಶೇ 67ನ್ನು ಉದ್ಯೋಗ ವಿಮೆಯ ನಿಧಿ ತುಂಬಿಕೊಡುತ್ತದೆ. ಅವನ ಕೈಗೆ 1,600 ಯೂರೋ ಬರುತ್ತದೆ, ಮನೆ ನಡೆಯುತ್ತದೆ, ಕೆಲಸ ಕೈಬಿಡುವುದಿಲ್ಲ. 2009ರ ಮೇ ತಿಂಗಳ ಸುಮಾರಿಗೆ 15 ಲಕ್ಷದಷ್ಟು ಮಂದಿ ಹೀಗಿದ್ದರು. ಇನ್ನೊಂದು ಉಪಾಯವೂ ಇತ್ತು. ಕೆಲಸ ಹೆಚ್ಚಿದ್ದ ವರ್ಷಗಳಲ್ಲಿ ಮಾಡಿದ ಓವರ್‌ಟೈಮನ್ನು ಗಂಟೆಗಳ ಖಾತೆಯಲ್ಲಿ ಜಮಾ ಮಾಡಿಟ್ಟಿದ್ದರು, ಕಷ್ಟದ ವರ್ಷ ಸಂಬಳ ಕಡಿತವಿಲ್ಲದೆ ಆ ಗಂಟೆಗಳನ್ನು ರಜೆಯಾಗಿ ತೆಗೆದುಕೊಂಡರು. ಇದನ್ನು ಕುಳಿತು ಒಪ್ಪಿಸಿದ್ದು ಕಾರ್ಮಿಕ ಸಂಘಗಳು ಮತ್ತು ಕಾರ್ಖಾನೆಯೊಳಗಿನ ನೌಕರರ ಮಂಡಳಿಗಳು.

ಜರ್ಮನಿ ಎಂದರೆ ಹಾರ್ಟ್ಸ್ ಸುಧಾರಣೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಉದ್ಯೋಗ ಕಚೇರಿಗಳನ್ನೂ ನಿರುದ್ಯೋಗ ಭತ್ಯೆಯನ್ನೂ ಬದಲಿಸಲು ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಸರ್ಕಾರ 2003ರಿಂದ 2005ರ ನಡುವೆ ಹಂತಹಂತವಾಗಿ ಜಾರಿಗೆ ತಂದ ಕಾರ್ಯಕ್ರಮ ಅದು. ಫೋಕ್ಸ್‌ವ್ಯಾಗನ್ನಿನ ಸಿಬ್ಬಂದಿ ನಿರ್ದೇಶಕ ಪೀಟರ್ ಹಾರ್ಟ್ಸ್ ನೇತೃತ್ವದ ಸಮಿತಿಯಿಂದ ಆ ಹೆಸರು. 2005ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿತ್ತು, ಮುಂದಿನ ವರ್ಷಗಳಲ್ಲಿ ಇಳಿಯುತ್ತಾ ಹೋಯಿತು. ಉದ್ಯೋಗ ಕಚೇರಿಗಳು ಚುರುಕಾದವು, ಕೆಲಸ ಹುಡುಕಿಕೊಡುವ ವ್ಯವಸ್ಥೆ ಸುಧಾರಿಸಿತು, ಒಪ್ಪೋಣ. ಆದರೆ ಪೂರ್ತಿ ಶ್ರೇಯಸ್ಸನ್ನು ಈ ಕಾನೂನಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ತೊಂಬತ್ತರ ದಶಕದಿಂದಲೇ ಸಂಘಗಳು ಕಾರ್ಖಾನೆ ಮಟ್ಟದಲ್ಲಿ ಸಂಬಳ, ಸಮಯದ ಬಗ್ಗೆ ಹೊಂದಾಣಿಕೆ ಮಾಡಿಕೊಳ್ಳುತ್ತಾ ಬಂದಿದ್ದವು. ಮೇಲಾಗಿ ಆ ಸುಧಾರಣೆಗೆ ಜನ ತೆತ್ತ ಬೆಲೆ ಸಣ್ಣದಲ್ಲ. ಮೂವತ್ತು ವರ್ಷ ದುಡಿದವರೂ ವಿಮೆಯ ಅವಧಿ ಮುಗಿದ ಮೇಲೆ, ಕೂಡಿಟ್ಟ ಹಣದಲ್ಲಿ ಮಿತಿ ಮೀರಿದ್ದನ್ನು ಖರ್ಚು ಮಾಡಿದ ನಂತರವೇ ಮೂಲ ಭತ್ಯೆಗೆ ಅರ್ಹರಾಗುತ್ತಿದ್ದರು. 2005ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಆ ಭತ್ಯೆ ತಿಂಗಳಿಗೆ 345 ಯೂರೋ, ಪೂರ್ವದಲ್ಲಿ 331, ಬಾಡಿಗೆ ಬೇರೆ. ಪೂರ್ವ ಜರ್ಮನಿಯ ಊರುಗಳಲ್ಲಿ 2004ರ ಬೇಸಿಗೆಯಲ್ಲಿ ಪ್ರತಿ ಸೋಮವಾರ ಜನ ಬೀದಿಗಿಳಿದದ್ದು ಇದಕ್ಕೇ. ದೇಶವ್ಯಾಪಿ ಕನಿಷ್ಠ ವೇತನ ಬಂದದ್ದು 2015ರಲ್ಲಿ, ಗಂಟೆಗೆ 8.50 ಯೂರೋ. ಲಕ್ಷಗಟ್ಟಲೆ ಕೆಲಸ ಹೋಗುತ್ತದೆ ಎಂದು ಎಷ್ಟೋ ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ದರು. ಹಾಗೇನೂ ಆಗಲಿಲ್ಲ.

ಸ್ಪೇನ್ ಜರ್ಮನಿಯಿಂದ ಕಲಿತದ್ದು ಕುರ್ಟ್ಸ್‌ಆರ್ಬೈಟನ್ನು. ಅಂಥದೇ ಎರ್ಟೆ ಎಂಬ ವ್ಯವಸ್ಥೆ ಅಲ್ಲಿ ಮೊದಲೂ ಇತ್ತು, ಬಳಸುವವರು ಕಡಿಮೆ. 2020ರ ಮಾರ್ಚ್‌ನಲ್ಲಿ ನಿಯಮ ಸಡಿಲಿಸಿದರು. ಕೆಲವೇ ವಾರಗಳಲ್ಲಿ ಸುಮಾರು 35 ಲಕ್ಷ ಜನ ಅದರಡಿ ಬಂದರು. ಕಂಪನಿಗೆ ಸರ್ಕಾರದ ರಿಯಾಯಿತಿ ಬೇಕೆಂದರೆ ಕೆಲಸ ಮತ್ತೆ ಶುರುವಾದ ಆರು ತಿಂಗಳು ಯಾರನ್ನೂ ತೆಗೆಯುವ ಹಾಗಿಲ್ಲ ಎಂಬ ಷರತ್ತು. ಆದರೂ ಮೊದಲ ವಾರಗಳಲ್ಲೇ ಕೆಲಸ ಕಳೆದುಕೊಂಡವರು ಹೆಚ್ಚಾಗಿ ಹಂಗಾಮಿಗಳೇ.

ಹಾಗಾಗಿ 2021ರ ಡಿಸೆಂಬರಿನಲ್ಲಿ ಕಾರ್ಮಿಕ ಸಚಿವೆ ಯೊಲಾಂಡಾ ದಿಯಾಸ್ ಮೂಲ ರೋಗಕ್ಕೇ ಕೈಹಾಕಿದರು. ಎರಡು ದೊಡ್ಡ ಕಾರ್ಮಿಕ ಸಂಘಗಳನ್ನೂ ಮಾಲೀಕರ ಒಕ್ಕೂಟವನ್ನೂ ತಿಂಗಳುಗಟ್ಟಲೆ ಒಂದೇ ಮೇಜಿಗೆ ಕೂರಿಸಿ ಒಪ್ಪಂದ ಮಾಡಿಸಿದರು. ಇನ್ನು ಮುಂದೆ ಕರಾರು ಎಂದರೆ ಖಾಯಂ ಎಂದೇ ಅರ್ಥ, ಹಂಗಾಮಿಗೆ ನಿರ್ದಿಷ್ಟ ಕಾರಣ ಬೇಕು. ಬೇಸಿಗೆಯ ಹೋಟೆಲು, ಹಣ್ಣಿನ ಕೊಯ್ಲು ಇಂಥ ಕೆಲಸಗಳಿಗೆ ಬೇರೆ ಬಗೆಯ ಖಾಯಂ ಕರಾರು: ಹಂಗಾಮು ಮುಗಿದಾಗ ಮನೆಗೆ, ಮುಂದಿನ ಹಂಗಾಮಿಗೆ ಅವರನ್ನೇ ಕರೆಯಬೇಕು. 2022ರ ಫೆಬ್ರುವರಿ 3ರಂದು ಸಂಸತ್ತು ಇದನ್ನು 175–174 ಮತಗಳಿಂದ ಒಪ್ಪಿತು. ವಿರೋಧ ಪಕ್ಷದ ಸದಸ್ಯರೊಬ್ಬರು ದೂರದಿಂದ ಮತ ಹಾಕುವಾಗ ತಪ್ಪು ಆಯ್ಕೆ ಮಾಡಿದ್ದರಿಂದ ಅದು ಉಳಿಯಿತು. ಇಷ್ಟು ದೊಡ್ಡ ಬದಲಾವಣೆ ಒಂದು ಮತದಲ್ಲಿ ನಿಂತಿತ್ತು.

ಹಂಗಾಮಿಗಳ ಪಾಲು ಕಾಲುಭಾಗದಿಂದ ಸುಮಾರು ಆರನೇ ಒಂದಕ್ಕೆ ಇಳಿಯಿತು. ಟೀಕೆಗಳೂ ಇವೆ, ತಳ್ಳಿಹಾಕಬಾರದು. ಹಂಗಾಮು ಮುಗಿಸಿ ಮನೆಯಲ್ಲಿರುವವರನ್ನು ನೋಂದಾಯಿತ ನಿರುದ್ಯೋಗಿಗಳ ಪಟ್ಟಿಗೆ ಸೇರಿಸುವುದಿಲ್ಲ ಎಂಬುದು ಒಂದು. ಮನೆಮನೆಗೆ ಹೋಗಿ ನಡೆಸುವ ಕಾರ್ಮಿಕ ಸಮೀಕ್ಷೆಯಲ್ಲಿ ಕೆಲಸ ಹುಡುಕುತ್ತಿರುವವರು ಲೆಕ್ಕಕ್ಕೆ ಸಿಗುತ್ತಾರೆ, ಅದರಲ್ಲೂ ನಿರುದ್ಯೋಗ ಇಳಿದಿದೆ. ಪ್ರೊಬೇಷನ್ ಅವಧಿಯಲ್ಲೇ ಕೆಲಸದಿಂದ ತೆಗೆಯುವುದು ಹೆಚ್ಚಿದೆ ಎಂಬ ದೂರು ಗಟ್ಟಿಯಾದದ್ದು. 2024ರಲ್ಲಿ ಸ್ಪೇನ್ ಶೇ 3ಕ್ಕಿಂತ ವೇಗವಾಗಿ ಬೆಳೆಯಿತು. ಪ್ರವಾಸಿಗರು, ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು, ಅಗ್ಗದ ಸೌರ ವಿದ್ಯುತ್ ಎಲ್ಲವೂ ಸೇರಿದ ಫಲ ಅದು. ಕನಿಷ್ಠ ವೇತನವನ್ನು 2019ರಲ್ಲಿ ಒಂದೇ ಸಲ ಶೇ 22 ಏರಿಸಿದ ಮೇಲೂ ಈ ಬೆಳವಣಿಗೆ ಬಂದಿದೆ ಎಂಬುದು ಗಮನಿಸಬೇಕಾದ ಮಾತು.

ಜರ್ಮನಿಯ ಜಿಡಿಪಿಯಾದರೋ 2023, 2024 ಎರಡೂ ವರ್ಷ ಇಳಿಯಿತು. ಉಕ್ರೇನ್ ಯುದ್ಧಕ್ಕೆ ಮುಂಚೆ ಅದರ ಆಮದು ಅನಿಲದ ಅರ್ಧಕ್ಕಿಂತ ಹೆಚ್ಚು ರಷ್ಯಾದಿಂದ ಬರುತ್ತಿತ್ತು, ಅದು ನಿಂತಿತು. ಚೀನಾ ತಾನೇ ಎಲೆಕ್ಟ್ರಿಕ್ ಕಾರು ಮಾಡತೊಡಗಿತು. 2024ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಸಂಘದ ನಡುವೆ ಆದ ಒಪ್ಪಂದದ ಪ್ರಕಾರ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆಗಳು ಕಡಿಮೆಯಾಗುತ್ತವೆ, ಆದರೆ ಬಲವಂತವಾಗಿ ಯಾರನ್ನೂ ತೆಗೆಯುವುದಿಲ್ಲ. ಕುರ್ಟ್ಸ್‌ಆರ್ಬೈಟಿನ ಮಿತಿ ಇಲ್ಲಿ ಕಾಣುತ್ತದೆ. ಬೇಡಿಕೆ ಮತ್ತೆ ಬರುತ್ತದೆ ಎಂದಾದರೆ ಕೆಲಸಗಾರನನ್ನು ಹಿಡಿದಿಡುವುದು ಸರಿ. ಡೀಸೆಲ್ ಎಂಜಿನ್ನಿನ ಭಾಗ ಯಾರಿಗೂ ಬೇಡವಾದಾಗ ಅವನನ್ನು ಅದೇ ಯಂತ್ರದ ಮುಂದೆ ನಿಲ್ಲಿಸಿ ಏನು ಪ್ರಯೋಜನ?

ಡೆನ್ಮಾರ್ಕ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಕೆಲಸದಿಂದ ತೆಗೆಯುವುದು ಸುಲಭ. ತೆಗೆದ ಮೇಲೆ ಎರಡು ವರ್ಷದವರೆಗೆ ಒಳ್ಳೆಯ ಭತ್ಯೆ, ಕಡಿಮೆ ಸಂಬಳದವರಿಗೆ ಹಳೆಯ ಸಂಬಳದ ಶೇ 90ರವರೆಗೂ. ಬದಲಿಗೆ ಉದ್ಯೋಗ ಕೇಂದ್ರಕ್ಕೆ ಬರಬೇಕು, ತರಬೇತಿ ಪಡೆಯಬೇಕು, ಅರ್ಜಿ ಹಾಕುತ್ತಿರಬೇಕು. ಹುದ್ದೆಗೆ ರಕ್ಷಣೆಯಿಲ್ಲ, ಮನುಷ್ಯನಿಗೆ ಇದೆ. ಇದಕ್ಕೆ ಭಾರಿ ತೆರಿಗೆ ಬೇಕು, ಸಂಘಗಳ ಮೇಲೆ ಮಾಲೀಕರಿಗೂ ನಂಬಿಕೆ ಬೇಕು. ಮೊದಲ ಅರ್ಧವನ್ನಷ್ಟೇ ನಕಲು ಮಾಡಿ ಎರಡನೆಯದನ್ನು ಬಿಟ್ಟ ಸರ್ಕಾರಗಳು ಅದನ್ನು ಸುಧಾರಣೆ ಎಂದು ಕರೆದುಕೊಂಡಾಗ ನನಗೆ ಸಿಟ್ಟು ಬರುತ್ತದೆ.

ಮುಂದೆ ಏನು? 2024ರ ಸೆಪ್ಟೆಂಬರಿನಲ್ಲಿ ದ್ರಾಗಿ ಕೊಟ್ಟ ವರದಿ, ಯುರೋಪಿಗೆ ವರ್ಷಕ್ಕೆ 750ರಿಂದ 800 ಬಿಲಿಯನ್ ಯೂರೋ ಹೆಚ್ಚುವರಿ ಹೂಡಿಕೆ ಬೇಕು ಎನ್ನುತ್ತದೆ. 2040ರ ಹೊತ್ತಿಗೆ ದುಡಿಯುವವರ ಸಂಖ್ಯೆ ವರ್ಷಕ್ಕೆ ಸುಮಾರು 20 ಲಕ್ಷದಂತೆ ಇಳಿಯಲಿದೆ ಎಂದೂ ಹೇಳುತ್ತದೆ. ಒಕ್ಕೂಟದ ನಿರುದ್ಯೋಗ ಈಗ ಶೇ 6ರ ಆಸುಪಾಸು. ಒಂದು ಕಡೆ ಸ್ಪೇನಿನಲ್ಲಿ ದುಡಿಯಲು ಹೊರಟ ಯುವಜನರಲ್ಲಿ ಕಾಲುಭಾಗದಷ್ಟು ಮಂದಿಗೆ ಇನ್ನೂ ಕೆಲಸವಿಲ್ಲ, ಇನ್ನೊಂದು ಕಡೆ ಜರ್ಮನಿಯ ಆಸ್ಪತ್ರೆಗಳಿಗೆ ದಾದಿಯರು ಸಿಗುತ್ತಿಲ್ಲ. ಅದಕ್ಕೇ 2024ರ ಅಕ್ಟೋಬರಿನಲ್ಲಿ ಜರ್ಮನಿ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು.

ಬೆಂಗಳೂರು, ಮಂಗಳೂರುಗಳಿಂದ ಆ ದಾರಿಯಲ್ಲಿ ಹೋಗುವವರು ಇದ್ದಾರೆ, ಈ ಸಭೆಯಲ್ಲೂ ಇರಬಹುದು. ನಿಮಗೆ ಎರಡು ಮಾತು. ಸಂಬಳದ ಸಾಲಿನ ಜೊತೆಗೆ ಕರಾರಿನ ಅವಧಿಯ ಸಾಲನ್ನೂ ಓದಿ. ಜರ್ಮನಿಯಲ್ಲಿ ಯಾವ ಕಾರಣವನ್ನೂ ಕೊಡದೆ ಎರಡು ವರ್ಷದವರೆಗೆ ಹಂಗಾಮಿಯಾಗಿ ಇಟ್ಟುಕೊಳ್ಳಬಹುದು. ಕೆಲಸದಿಂದ ತೆಗೆಯುವುದರ ವಿರುದ್ಧದ ಕಾನೂನು ರಕ್ಷಣೆ ಸಾಮಾನ್ಯವಾಗಿ ಆರು ತಿಂಗಳ ನಂತರ, ಅದೂ ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ ಮಾತ್ರ ಸಿಗುತ್ತದೆ. ವೀಸಾ ಕೆಲಸಕ್ಕೆ ಅಂಟಿಕೊಂಡಿರುವ ನಿಮಗೆ ಇದು ಅಲ್ಲಿನವರಿಗಿಂತ ಹೆಚ್ಚು ಮುಖ್ಯ.

ಇನ್ನು ಸ್ಪೇನಿನ ಹೊಸ ಕಾನೂನು: ಅದು ಬಂದ ಮೇಲೆ ಅಲ್ಲಿ ದೊಡ್ಡ ಆರ್ಥಿಕ ಕುಸಿತ ಆಗಿಲ್ಲ. ಅಂಥದೊಂದು ಬಂದಾಗ ಮಾಲೀಕರು ಗಂಟೆಗಳನ್ನು ಇಳಿಸುತ್ತಾರೋ ಜನರನ್ನು ಇಳಿಸುತ್ತಾರೋ ಎಂಬುದನ್ನು ನೋಡಿಯೇ ತೀರ್ಪು ಹೇಳಬೇಕು. ಇಳಿಸುವುದು ಗಂಟೆಗಳನ್ನೇ ಎಂಬ ಭರವಸೆ ನನಗಿದೆ. ನಿಮ್ಮ ಪ್ರಶ್ನೆಗಳನ್ನು ಕೇಳಲು ಕಾಯುತ್ತಿದ್ದೇನೆ.